ರಿಜಿಸ್ಟರ್ ಆದರೆ ಮನೆ ಸ್ವಂತವಾಯಿತೇ? ಪೆದ್ದಕಡುಬೂರಿನಿಂದ ಮಂಗಳೂರಿನವರೆಗೂ ಒಂದೇ ಪಾಠ

"ಎಲ್ಲ ಕ್ಲಿಯರ್ ಇದೆ ಕಾಕ, ಟೆನ್ಷನ್ ಬೇಡ. ಇಸಿ ತೆಗೆದು ನೋಡಿದ್ದೇನೆ. ರಿಜಿಸ್ಟರ್ ಆದರೆ ಮುಗೀತು." ಮನೆ ಅಥವಾ ಸೈಟ್ ಖರೀದಿಗೆ ಹೊರಟ ಯಾರಿಗೂ ಬ್ರೋಕರ್‌ಗಳ ಈ ಮಾತು ಹೊಸದಲ್ಲ. ಇದನ್ನು ನಂಬಿ ಅಡ್ವಾನ್ಸ್ ಕೊಟ್ಟವರೂ ಕಡಿಮೆಯಿಲ್ಲ. ಆದರೆ ರಿಜಿಸ್ಟರ್ ಆದರೆ ನಿಜವಾಗಿಯೂ ಮುಗಿಯುತ್ತದೆಯೇ?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಬಿಹಾರದ ಪ್ರಕರಣವೊಂದರಲ್ಲಿ ಕೊಟ್ಟ ತೀರ್ಪು ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದೆ. ಮಾರುವವನ ಹೆಸರಿನಲ್ಲಿ ಜಮಾಬಂದಿ ದಾಖಲೆ ಇಲ್ಲದಿದ್ದರೆ ಪತ್ರವನ್ನು ನೋಂದಣಿ ಮಾಡದೆ ತಿರಸ್ಕರಿಸಬಹುದು ಎಂದು ಬಿಹಾರ ಸರ್ಕಾರ 2019ರಲ್ಲಿ ನಿಯಮ ಮಾಡಿತ್ತು. ಕೋರ್ಟ್ ಅದನ್ನು ರದ್ದು ಮಾಡಿತು. ಈ ದೇಶದಲ್ಲಿ ನೋಂದಣಿ ಆಗುವುದು ಪತ್ರ, ಒಡೆತನವಲ್ಲ; ನೋಂದಣಿಯಾದ ಕ್ರಯಪತ್ರ ಒಡೆತನದ ಬಗ್ಗೆ ಒಂದು ಊಹೆಗೆ ಆಧಾರ ಕೊಡುತ್ತದೆ, ಆ ಊಹೆಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದು ಎಂಬುದು ತೀರ್ಪಿನ ಸಾರ. ಅಂದರೆ ಉಪ ನೋಂದಣಾಧಿಕಾರಿ ಮುಂದೆ ಹೆಬ್ಬೆಟ್ಟು, ಫೋಟೋ ಎಲ್ಲ ಮುಗಿದರೂ, ಮಾರಿದವನಿಗೆ ಮಾರುವ ಹಕ್ಕು ಇತ್ತೇ ಎಂಬ ಪ್ರಶ್ನೆಗೆ ಸರ್ಕಾರ ಜವಾಬ್ದಾರಿ ಹೊರುವುದಿಲ್ಲ.

ಆ ಜವಾಬ್ದಾರಿ ಬೀಳುವುದು ಕೊಳ್ಳುವವನ ಮೇಲೆ. ಅವನ ಪರವಾಗಿ ಕಾಗದ ಓದುವ ವಕೀಲ ಯಾರು ಎಂಬ ಆಯ್ಕೆ ಹಾಗಾಗಿ ಮನೆಯ ಆಯ್ಕೆಯಷ್ಟೇ ದೊಡ್ಡದು. ಅದೂ ಆ ಊರಿನ ಕಾಗದ ಗೊತ್ತಿರುವ ವಕೀಲ. ಯಾಕೆ ಎಂಬುದಕ್ಕೆ ಗಡಿಯಾಚೆಯ ಒಂದು ಊರು ಒಳ್ಳೆಯ ಉದಾಹರಣೆ.

ಪೆದ್ದಕಡುಬೂರಿನ ಒಂದು ಮನೆ, ನಾಲ್ಕು ವಿಳಾಸ

ಪೆದ್ದಕಡುಬೂರು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಮಂಡಲ ಕೇಂದ್ರ. ಕನ್ನಡಿಗರು ಆದವಾನಿ ಎಂದು ಕರೆಯುವ ಆದೋನಿಗೂ ಮಂತ್ರಾಲಯಕ್ಕೂ ನಡುವಿನ ಊರು. ತೆಲುಗಿನ ಜೊತೆ ಕನ್ನಡ, ಉರ್ದು ಮೂರೂ ಕಿವಿಗೆ ಬೀಳುವ ಪ್ರದೇಶ. ಕರಾವಳಿಯ ಯುವಕನೊಬ್ಬ ಹತ್ತಿಯ ಮಾರುಕಟ್ಟೆಗೆ ಹೆಸರಾದ ಆದೋನಿಯಲ್ಲಿ ವ್ಯಾಪಾರಕ್ಕೆ ನಿಂತು, ಪಕ್ಕದ ಪೆದ್ದಕಡುಬೂರಿನಲ್ಲಿ ಒಂದು ಹಳೆಯ ಮನೆ ಖರೀದಿಸಲು ಹೊರಟ ಎಂದಿಟ್ಟುಕೊಂಡರೆ, ಅವನ ಮುಂದೆ ಬರುವ ಕಾಗದಗಳು ಯಾವುವು?

ಆದೋನಿ ತಾಲೂಕು 1953ರ ಸೆಪ್ಟೆಂಬರ್ ಕೊನೆಯವರೆಗೂ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲೂಕುಗಳು ಮೈಸೂರಿಗೆ ಹೋದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. 1956ರಲ್ಲಿ ಆ ರಾಜ್ಯ ಆಂಧ್ರಪ್ರದೇಶವಾಯಿತು. 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ದೊಡ್ಡ ತಾಲೂಕುಗಳನ್ನು ಒಡೆದು ಸಣ್ಣ ಮಂಡಲಗಳನ್ನು ಮಾಡಿತು. 2022ರಲ್ಲಿ ಕರ್ನೂಲು ಜಿಲ್ಲೆಯನ್ನು ಒಡೆದು ನಂದ್ಯಾಲ ಜಿಲ್ಲೆ ಮಾಡಲಾಯಿತು. ಆದೋನಿ ಭಾಗ ಕರ್ನೂಲಿನಲ್ಲೇ ಉಳಿಯಿತು. ಆದೋನಿಯನ್ನೇ ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಬೇಡಿಕೆಯೂ ಆಗಾಗ ಏಳುತ್ತಲೇ ಇದೆ.

ಗೋಡೆ ಕದಲದಿದ್ದರೂ ಮನೆಯ ವಿಳಾಸ ಇಷ್ಟು ಸಲ ಬದಲಾಗಿದೆ. ಅಜ್ಜನ ಕಾಲದ ಕಾಗದದಲ್ಲಿ ಬಳ್ಳಾರಿ ಜಿಲ್ಲೆ ಎಂದಿರುತ್ತದೆ, ತಂದೆಯ ಕಾಗದದಲ್ಲಿ ಆದೋನಿ ತಾಲೂಕು ಎಂದಿರುತ್ತದೆ, ಮಗನ ಕಾಗದದಲ್ಲಿ ಪೆದ್ದಕಡುಬೂರು ಮಂಡಲ ಎಂದಿರುತ್ತದೆ. ಮೂರೂ ಒಂದೇ ಜಾಗವೇ, ಅಥವಾ ಹೆಸರು ಹೋಲುವ ಬೇರೆ ಜಾಗವೇ ಎಂದು ಸರ್ವೆ ನಂಬರ್, ಚಕ್ಕುಬಂದಿ ಹಿಡಿದು ಜೋಡಿಸುವುದು ಕಂಪ್ಯೂಟರಿನ ಕೆಲಸವಲ್ಲ. ಆಂಧ್ರದಲ್ಲಿ ಆನ್‌ಲೈನಿನಲ್ಲಿ ಸಿಗುವ ಇಸಿ ಸಾಮಾನ್ಯವಾಗಿ 1983ರಿಂದ ಈಚಿನದ್ದು. ಅದಕ್ಕಿಂತ ಹಿಂದಿನದ್ದಕ್ಕೆ ಕಚೇರಿಯ ಹಳೆಯ ಪುಸ್ತಕವನ್ನೇ ತೆಗೆಸಬೇಕು. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕನ್ನಡ ಪತ್ರವೊಂದು ಸಿಕ್ಕಿದರೆ ಅದನ್ನೂ ಓದಬಲ್ಲವರು ಬೇಕು.

ಕಾಸರಗೋಡಿನವರಿಗೆ ಈ ಕಥೆ ವಿವರಿಸಬೇಕಾಗಿಲ್ಲ. 1956ರ ಅಕ್ಟೋಬರ್ 31ರವರೆಗೆ ಅದು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಮರುದಿನದಿಂದ ಕೇರಳದ್ದು. ಮಂಜೇಶ್ವರ, ಉಪ್ಪಳ ಕಡೆಯ ಹಳೆಯ ಮನೆಗಳ ಕಾಗದಕ್ಕೂ ಎರಡು ರಾಜ್ಯದ ನಂಟು.

ಊರು ಬದಲಾದರೆ ಜಾಗದ ಜಾತಿಯೂ ಬದಲು

ಪ್ರತಿ ಸೀಮೆಯ ಭೂಮಿಗೂ ಅದರದೇ ಆದ ಹೆಸರುಗಳಿವೆ. ದಕ್ಷಿಣ ಕನ್ನಡದಲ್ಲಿ ಬೆಳೆದವನಿಗೆ ವರ್ಗ ಜಾಗ ಯಾವುದು, ಕುಮ್ಕಿ ಯಾವುದು ಎಂದು ಸಣ್ಣದಾಗಿಯಾದರೂ ಗೊತ್ತಿರುತ್ತದೆ. ಕುಮ್ಕಿಯಲ್ಲಿ ಸೊಪ್ಪು ಕಡಿಯಬಹುದು, ಆದರೆ ಅದು ಸರ್ಕಾರದ್ದು, ಮಾರುವಂತಿಲ್ಲ. ಮಂಗಳೂರು ಪೇಟೆಯ ಮೂಲಗೇಣಿ ಜಾಗದ ಸಮಸ್ಯೆ ಹಳೆಯದು. ಅದಕ್ಕಾಗಿ 2011ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಮಂಗಳೂರಿನ ಸಿವಿಲ್ ವಕೀಲನಿಗೆ ಇದೆಲ್ಲ ಬಾಯಿಪಾಠ. ಬೇರೆ ಸೀಮೆಯ ವಕೀಲನಿಗೆ ಕುಮ್ಕಿ ಎಂಬ ಪದವನ್ನೇ ಬಿಡಿಸಿ ಹೇಳಬೇಕು.

ಆದೋನಿ ಸೀಮೆಗೆ ಹೋದರೆ ಪದಗಳೇ ಬೇರೆ. ಹಳ್ಳಿಯೊಳಗಿನ ಹಳೆಯ ಮನೆಗಳು ಹೆಚ್ಚಾಗಿ ಗ್ರಾಮಕಂಠದಲ್ಲಿ ಇರುತ್ತವೆ. ಇಂಥ ಮನೆಗೆ ಹೊಲಕ್ಕೆ ಇರುವ ಹಾಗೆ ಅಡಂಗಲ್, 1-ಬಿ ಇರುವುದಿಲ್ಲ. ಪಂಚಾಯಿತಿ ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್, ಹಳೆಯ ಪತ್ರ ಇಷ್ಟರಲ್ಲೇ ವ್ಯವಹಾರ ನಡೆದಿರುತ್ತದೆ. ತೆರಿಗೆ ರಸೀದಿ ಸ್ವಾಧೀನವನ್ನು ಹೇಳಬಹುದು, ಒಡೆತನವನ್ನಲ್ಲ. ಇಂಥ ಮನೆಗಳಿಗೆ ಕಾರ್ಡ್ ಕೊಡಲೆಂದೇ ಕೇಂದ್ರ ಸರ್ಕಾರ 2020ರ ಏಪ್ರಿಲ್‌ನಲ್ಲಿ ಡ್ರೋನ್ ಸರ್ವೆಯ ಸ್ವಾಮಿತ್ವ ಯೋಜನೆ ತಂದಿತು.

ಎರಡನೆಯದು ಅಸೈನ್ಡ್ ಭೂಮಿ, ಅಂದರೆ ಬಡವರಿಗೆ ಸರ್ಕಾರ ಮಂಜೂರು ಮಾಡಿದ ಜಾಗ. ಆಂಧ್ರದ 1977ರ ಕಾಯ್ದೆ ಅದರ ಮಾರಾಟವನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಗೆ 1978ರ ಪಿಟಿಸಿಎಲ್ ಕಾಯ್ದೆ ಇದ್ದ ಹಾಗೆ. ಮಂಜೂರಾಗಿ 20 ವರ್ಷ ಕಳೆದ ಕೃಷಿ ಭೂಮಿಯನ್ನು ಮೂಲ ಫಲಾನುಭವಿ ಮಾರಬಹುದು ಎಂದು ಆಂಧ್ರ 2023ರಲ್ಲಿ ತಿದ್ದುಪಡಿ ತಂದಿತು. 2024ರಲ್ಲಿ ಸರ್ಕಾರ ಬದಲಾದ ಮೇಲೆ ಹೀಗೆ ನಿಷೇಧ ಪಟ್ಟಿಯಿಂದ ಹೊರಬಂದ ಭೂಮಿಯ ನೋಂದಣಿಗೆ ತಡೆ ಬಿತ್ತು, ಮರುಪರಿಶೀಲನೆ ಶುರುವಾಯಿತು. ಹೋದ ವರ್ಷ ಸರಿ ಇದ್ದ ಕಾಗದ ಈ ವರ್ಷ ಸಿಕ್ಕಿಹಾಕಿಕೊಳ್ಳಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಮೂರನೆಯದು ಇನಾಮು ಭೂಮಿ. ಮಸೀದಿ, ದರ್ಗಾ, ದೇವಸ್ಥಾನಗಳ ಸೇವೆಗೆ ಬಿಟ್ಟ ಹಳೆಯ ಇನಾಮುಗಳು ಈ ಸೀಮೆಯಲ್ಲಿ ಇವೆ. ಅವನ್ನು ನೋಡಿಕೊಂಡು ಬಂದ ಕುಟುಂಬದವರೇ ಮುಂದೆ ಸ್ವಂತದ್ದೆಂದು ಮಾರಿಬಿಡುವ ಅಪಾಯ ಇದ್ದೇ ಇದೆ. ವಕ್ಫ್, ಎಂಡೋಮೆಂಟ್, ಸರ್ಕಾರಿ, ಅಸೈನ್ಡ್ ಭೂಮಿಗಳನ್ನು ಆಂಧ್ರದಲ್ಲಿ ನೋಂದಣಿ ಕಾಯ್ದೆಯ 22-ಎ ಸೆಕ್ಷನ್ ಅಡಿ ನಿಷೇಧ ಪಟ್ಟಿಗೆ ಹಾಕಲಾಗುತ್ತದೆ. ಸರ್ವೆ ನಂಬರ್ ಆ ಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ಹಳೆಯ ಆರ್‌ಎಸ್‌ಆರ್ ದಾಖಲೆಯಲ್ಲಿ ಅದು ಇನಾಮು ಎಂದು ಬರೆದಿದ್ದರೆ ನಾಳೆ ಪಟ್ಟಿಗೆ ಸೇರಬಹುದು. ವಕ್ಫ್ ಆಸ್ತಿ ಉಳಿಯಬೇಕು ಎಂದು ಬೀದಿಯಲ್ಲಿ ಮಾತನಾಡುವ ಸಮುದಾಯ, ಕಡಿಮೆ ರೇಟಿಗೆ ಸಿಕ್ಕಿತು ಎಂದು ವಕ್ಫ್ ಜಾಗವನ್ನೇ ಕೊಂಡುಕೊಳ್ಳಬಾರದು ಎಂಬುದೂ ಇದರಲ್ಲೇ ಸೇರಿದ ಮಾತು.

ಸರ್ಕಾರವೇ ಗ್ಯಾರಂಟಿ ಕೊಡಲು ಹೊರಟಾಗ

ಒಡೆತನಕ್ಕೆ ಸರ್ಕಾರವೇ ಗ್ಯಾರಂಟಿ ಕೊಟ್ಟರೆ ಈ ತೊಂದರೆ ಯಾಕೆ ಎಂದು ಕೇಳಬಹುದು. ಇಂಗ್ಲೆಂಡಿನಲ್ಲಿ ಹಾಗೆಯೇ ಇದೆ. ಅಲ್ಲಿ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಾದ ಒಡೆತನಕ್ಕೆ ಸರ್ಕಾರದ ಭರವಸೆ ಇದೆ, ತಪ್ಪಾದರೆ ಪರಿಹಾರ ಇದೆ. ಅಷ್ಟಿದ್ದರೂ ಅಲ್ಲಿ ಮನೆ ಕೊಳ್ಳುವವರು ಸಾಲಿಸಿಟರ್ ಅಥವಾ ಲೈಸೆನ್ಸ್ ಪಡೆದ ಕನ್ವೆಯನ್ಸರ್ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ಅವರು ವೃತ್ತಿ ವಿಮೆ ಹೊಂದಿರಬೇಕು ಎಂಬ ನಿಯಮವೂ ಇದೆ.

ಆಂಧ್ರ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿತ್ತು. ಲ್ಯಾಂಡ್ ಟೈಟ್ಲಿಂಗ್ ಕಾಯ್ದೆ 2023ರ ಅಕ್ಟೋಬರ್ 31ರಂದು ಜಾರಿಗೆ ಬಂತು. ಟೈಟಲ್ ರಿಜಿಸ್ಟ್ರೇಷನ್ ಅಧಿಕಾರಿಯೊಬ್ಬರು ಒಡೆತನವನ್ನು ದಾಖಲಿಸುತ್ತಾರೆ, ಎರಡು ವರ್ಷದೊಳಗೆ ಯಾರೂ ಆಕ್ಷೇಪಿಸದಿದ್ದರೆ ಅದೇ ಅಂತಿಮ, ಸಿವಿಲ್ ಕೋರ್ಟಿಗೆ ಹೋಗುವ ದಾರಿ ಬಂದ್ ಎಂಬುದು ಅದರ ತಿರುಳು. ರಾಜ್ಯದ ಉದ್ದಗಲಕ್ಕೂ ವಕೀಲರು ಕೋರ್ಟ್ ಕಲಾಪ ಬಹಿಷ್ಕರಿಸಿ ಪ್ರತಿಭಟಿಸಿದರು. ಊರು ಬಿಟ್ಟು ದುಡಿಯಲು ಹೋದವನಿಗೆ, ಓದು ಬರಹ ಬಾರದ ರೈತನಿಗೆ ತನ್ನ ಜಾಗ ಬೇರೆಯವರ ಹೆಸರಿಗೆ ದಾಖಲಾಗಿದ್ದೇ ಗೊತ್ತಾಗದೆ ಎರಡು ವರ್ಷ ಕಳೆದರೆ ಗತಿಯೇನು ಎಂಬ ಆತಂಕ ಅದರ ಹಿಂದಿತ್ತು. ಗಲ್ಫಿನಲ್ಲಿ ದುಡಿಯುವವರ ಕುಟುಂಬಗಳಿಗೆ ಈ ಆತಂಕ ಬೇಗ ಅರ್ಥವಾಗುತ್ತದೆ. 2024ರ ಚುನಾವಣೆಯಲ್ಲಿ ಇದು ದೊಡ್ಡ ವಿಷಯವಾಯಿತು. ಚಂದ್ರಬಾಬು ನಾಯ್ಡು ಸರ್ಕಾರ ಬಂದ ಕೂಡಲೇ, 2024ರ ಜುಲೈಯಲ್ಲಿ ವಿಧಾನಸಭೆ ಕಾಯ್ದೆಯನ್ನು ರದ್ದು ಮಾಡಿತು. ಗ್ಯಾರಂಟಿಯ ಪ್ರಯೋಗ ಅಲ್ಲಿಗೆ ನಿಂತಿತು.

ಕರ್ನಾಟಕ ಬೇರೆ ದಾರಿ ಹಿಡಿದಿದೆ. ಕಾವೇರಿ 2.0 ತಂತ್ರಾಂಶ ಬಂತು. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿಗೆ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಒಂದೇ ಸೈಟನ್ನು ಇಬ್ಬರಿಗೆ ಮಾರುವಂಥ ಮೋಸ ಇದರಿಂದ ಕಡಿಮೆಯಾದೀತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. ಶುಲ್ಕ ಎರಡು ಪಟ್ಟಾಯಿತು, ಸರ್ಕಾರದ ಹೊಣೆ ಮಾತ್ರ ಮೊದಲಿನಷ್ಟೇ. ಖಾತಾ ಎಂಬುದು ತೆರಿಗೆ ಕಟ್ಟುವವರು ಯಾರು ಎನ್ನುವ ದಾಖಲೆ. ಅದು ಇ-ಖಾತಾ ಆದ ಮಾತ್ರಕ್ಕೆ ಒಡೆತನದ ಪತ್ರ ಆಗುವುದಿಲ್ಲ.

ಇಸಿಯಲ್ಲಿ ಕಾಣದ ಎರಡು ಸಂಗತಿ

ಮುಸ್ಲಿಂ ಕುಟುಂಬಗಳ ಆಸ್ತಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಆದರೆ ಈ ಕುಟುಂಬಗಳಲ್ಲಿ ಆಸ್ತಿ ಕೈಯಿಂದ ಕೈಗೆ ಬರುವ ಎರಡು ಮುಖ್ಯ ದಾರಿಗಳು ನೋಂದಣಿ ಇಲ್ಲದೆಯೇ ನಡೆಯಬಹುದು. ಒಂದು ವಾರಸು, ಇನ್ನೊಂದು ಹಿಬಾ.

ಒಬ್ಬ ವ್ಯಕ್ತಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಹೋದ, ತಂದೆ ತಾಯಿ ಮೊದಲೇ ತೀರಿಕೊಂಡಿದ್ದರು ಎನ್ನೋಣ. ಸಾಲ, ವಸಿಯ್ಯತ್ ಕಳೆದು ಉಳಿದ ಆಸ್ತಿಯನ್ನು 48 ಪಾಲು ಮಾಡಿದರೆ ಹೆಂಡತಿಗೆ 6, ಪ್ರತಿ ಮಗನಿಗೆ 14, ಪ್ರತಿ ಮಗಳಿಗೆ 7. ಸಾವಿನ ಆ ಕ್ಷಣದಲ್ಲೇ ಪಾಲು ಬಿದ್ದಾಯಿತು, ಯಾರ ಸಹಿಯೂ ಬೇಕಿಲ್ಲ. ಮುಂದೆ ಖಾತಾ ದೊಡ್ಡ ಮಗನ ಹೆಸರಿಗಾಗಿ, ಅವನೊಬ್ಬನೇ ಪೂರ್ತಿ ಮನೆ ಮಾರಿದರೆ ಕೊಂಡವನಿಗೆ ನ್ಯಾಯವಾಗಿ ದಕ್ಕುವುದು 48ರಲ್ಲಿ 14 ಪಾಲು ಮಾತ್ರ. ಇಸಿ ಕ್ಲಿಯರ್, ಖಾತಾ ಕ್ಲಿಯರ್, ರಿಜಿಸ್ಟರ್ ಕೂಡ ಆಯಿತು. ಆದರೆ ಮದುವೆಯಾಗಿ ಬೇರೆ ಊರಿಗೆ ಹೋದ ತಂಗಿಯ 7 ಪಾಲು ಹಾಗೆಯೇ ಉಳಿದಿದೆ. ಅವಳು ಕೇಳಲು ಬಂದ ದಿನ ಕೊಂಡವನು ಕೋರ್ಟಿನಲ್ಲಿರುತ್ತಾನೆ. "ತಂಗಿಯಂದಿರಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ" ಎಂಬ ಮಾತು ಶರೀಅತ್ತಿನಲ್ಲೂ ನಡೆಯುವುದಿಲ್ಲ, ಕೋರ್ಟಿನಲ್ಲೂ ನಡೆಯುವುದಿಲ್ಲ.

ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಇನ್ನಷ್ಟು ಎಚ್ಚರ ಬೇಕು. ಮುಸ್ಲಿಂ ಕಾನೂನಿನ ಪ್ರಕಾರ ತಾಯಿ ಮಕ್ಕಳನ್ನು ಸಾಕುವ ಹಕ್ಕುಳ್ಳವಳು, ಆದರೆ ಅವರ ಸ್ಥಿರಾಸ್ತಿಯನ್ನು ಮಾರುವ ಅಧಿಕಾರ ಅವಳಿಗೆ ತಾನಾಗಿ ಇಲ್ಲ. 1918ರಲ್ಲೇ ಪ್ರಿವಿ ಕೌನ್ಸಿಲ್ ಇಮಾಂಬಂದಿ ಪ್ರಕರಣದಲ್ಲಿ ಇದನ್ನು ಹೇಳಿದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿನ ಅನುಮತಿ ಪಡೆಯದೆ ವಿಧವೆ ತಾಯಿಯೊಬ್ಬಳಿಂದ ಮಕ್ಕಳ ಪಾಲನ್ನೂ ಬರೆಸಿಕೊಂಡ ಪತ್ರ ನಿಲ್ಲುವುದಿಲ್ಲ.

ಹಿಬಾ ವಿಷಯವೂ ಹಾಗೆಯೇ. ಕೊಡುವುದಾಗಿ ಹೇಳಿ, ಪಡೆದವನು ಒಪ್ಪಿ, ಸ್ವಾಧೀನ ಬಿಟ್ಟುಕೊಟ್ಟರೆ ಮೌಖಿಕ ಹಿಬಾ ಸಿಂಧು. ಹಫೀಝಾ ಬೀಬಿ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹತ್ತು ವರ್ಷದ ಹಿಂದೆ ತಂದೆ ಮಗಳಿಗೆ ಬಾಯಿಮಾತಿನಲ್ಲಿ ಕೊಟ್ಟು ಅವಳು ವಾಸವಿರುವ ಮನೆಯನ್ನು ಅಣ್ಣ ಮಾರಲು ಹೊರಟರೆ ಯಾವ ತಂತ್ರಾಂಶಕ್ಕೂ ಅದು ಗೊತ್ತಾಗದು. ಸ್ಥಳಕ್ಕೆ ಹೋಗಿ "ಈ ಮನೆಯಲ್ಲಿ ಇರುವವರು ಯಾರು, ಯಾಕೆ ಇದ್ದಾರೆ?" ಎಂದು ಕೇಳಿದ ಮನುಷ್ಯನಿಗೆ ಮಾತ್ರ ಗೊತ್ತಾಗುತ್ತದೆ.

ಬರೆಯುವವರು ಬೇರೆ, ನೋಡುವವರು ಬೇರೆ

ಇಂಗ್ಲೆಂಡಿನ ಹಾಗೆ ಮನೆ ವ್ಯವಹಾರಕ್ಕೆಂದೇ ಪ್ರತ್ಯೇಕ ಲೈಸೆನ್ಸಿನ ವೃತ್ತಿ ಭಾರತದಲ್ಲಿ ಇಲ್ಲ. ಇಲ್ಲಿ ಮೂವರು ಸಿಗುತ್ತಾರೆ. ನೋಂದಣಿ ಕಚೇರಿಯ ಎದುರು ಕೂತ ಪತ್ರ ಬರಹಗಾರ, ಬ್ಯಾಂಕಿನ ಪ್ಯಾನೆಲ್ ವಕೀಲ, ಮತ್ತು ಕೊಳ್ಳುವವನೇ ಗೊತ್ತುಮಾಡಿದ ವಕೀಲ.

ಪತ್ರ ಬರಹಗಾರನ ಕೆಲಸ ಹೇಳಿದ್ದನ್ನು ಸರಿಯಾದ ಭಾಷೆಯಲ್ಲಿ ಬರೆಯುವುದು. ಒಡೆತನ ಪರೀಕ್ಷಿಸುವುದು ಅವನ ಹೊಣೆಯಲ್ಲ. ಬ್ಯಾಂಕಿನ ವಕೀಲ ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯೇ ಎಂದು. ಅವನ ಕಕ್ಷಿದಾರ ಬ್ಯಾಂಕ್. ಬಡ್ಡಿ ಬೇಡವೆಂದು ಬ್ಯಾಂಕ್ ಸಾಲವಿಲ್ಲದೆ ಕೊಳ್ಳುವವರಿಗೆ ಆ ಒಂದು ಕಣ್ಣೂ ಇರುವುದಿಲ್ಲ. ಅಂಥವರಿಗೆ ಸ್ವಂತ ವಕೀಲ ಇನ್ನಷ್ಟು ಅಗತ್ಯ.

ವಕೀಲರನ್ನು ಆರಿಸುವಾಗ ನೋಡಬೇಕಾದದ್ದು ಇಷ್ಟು.

ಮೊದಲನೆಯದಾಗಿ, ಅವರು ಮಾರುವವನ ವಕೀಲ, ಬಿಲ್ಡರಿನ ವಕೀಲ, ಬ್ರೋಕರ್ ಕರೆತಂದ ವಕೀಲ ಆಗಿರಬಾರದು. "ಇಬ್ಬರಿಗೂ ಒಬ್ಬರೇ ಸಾಕು, ಖರ್ಚು ಉಳಿಯುತ್ತೆ" ಎಂಬ ಸಲಹೆ ಬಂದ ಜಾಗದಲ್ಲೇ ಎಚ್ಚರವಾಗಬೇಕು.

ಎರಡನೆಯದಾಗಿ, ಆಸ್ತಿ ಇರುವ ತಾಲೂಕಿನ ಸಿವಿಲ್ ಕೋರ್ಟಿನಲ್ಲಿ ಕೆಲಸ ಮಾಡುವವರಾಗಿರಬೇಕು. ಪೆದ್ದಕಡುಬೂರಿನ ಮನೆಗೆ ಆದೋನಿಯಲ್ಲಿ ಪ್ರಾಕ್ಟೀಸ್ ಇರುವವರು, ತೆಲುಗು ದಾಖಲೆ ಓದುವವರು, ಹಳೆಯ ಕನ್ನಡ ಪತ್ರ ಬಂದರೆ ಬಲ್ಲವರಿಂದ ಓದಿಸುವವರು. ಮಂಗಳೂರಿನ ಪರಿಚಯದ ವಕೀಲರು ಎಷ್ಟೇ ಒಳ್ಳೆಯವರಾಗಿರಲಿ, ಅವರಿಂದ ಆ ಊರಿನ ಒಳ್ಳೆಯ ವಕೀಲರ ಹೆಸರು ಪಡೆಯುವುದು ಸರಿಯಾದ ಉಪಯೋಗ. ಸ್ಥಳೀಯ ವಕೀಲನಾದರೆ ಆ ಸರ್ವೆ ನಂಬರ್ ಮೇಲೆ ಕೋರ್ಟಿನಲ್ಲಿ ದಾವೆ ಇದೆಯೇ ಎಂದು ಹುಡುಕಬಲ್ಲ. ದಾವೆ ನಡೆಯುತ್ತಿರುವ ಆಸ್ತಿ ಕೊಂಡವನನ್ನು ಆ ತೀರ್ಪು ಕಟ್ಟಿಹಾಕುತ್ತದೆ, ಇಸಿಯಲ್ಲಿ ಮಾತ್ರ ದಾವೆ ಕಾಣುವುದಿಲ್ಲ. ಊರಿನವನೇ ಆದ ಕಾರಣ ಒಂದು ಅಪಾಯವೂ ಇದೆ: ಸಣ್ಣ ಪೇಟೆಯಲ್ಲಿ ಮಾರುವವನೂ ಅವನ ಪರಿಚಯದವನೇ ಆಗಿರಬಹುದು. ಆ ಕುಟುಂಬದ ಯಾವುದಾದರೂ ಕೇಸು ನಡೆಸಿದ್ದೀರಾ ಎಂದು ಮೊದಲೇ ನೇರವಾಗಿ ಕೇಳಿಬಿಡುವುದು ಲೇಸು.

ಮೂರನೆಯದಾಗಿ, ಜಾಹೀರಾತು ನೋಡಿ ಹೋಗಬಾರದು. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. ಆನ್‌ಲೈನ್ ತಾಣಗಳ ಮೂಲಕ ಕಕ್ಷಿದಾರರನ್ನು ಸೆಳೆಯುವುದರ ವಿರುದ್ಧ ಕ್ರಮಕ್ಕೆ ಮದ್ರಾಸ್ ಹೈಕೋರ್ಟ್ 2024ರ ಜುಲೈಯಲ್ಲಿ ಆದೇಶಿಸಿದೆ. ಮೊಬೈಲಿನಲ್ಲಿ ಕಾಣುವ 'ನಂಬರ್ ಒನ್ ಪ್ರಾಪರ್ಟಿ ಲಾಯರ್' ಪಟ್ಟಿಗೆ ಬೆಲೆ ಕೊಡಬೇಕಿಲ್ಲ. ಆ ಊರಿನಲ್ಲಿ ಈಗಾಗಲೇ ಮನೆ ಕೊಂಡು ನೆಮ್ಮದಿಯಾಗಿರುವವರನ್ನು ಕೇಳುವುದೇ ಮೇಲು.

ನಾಲ್ಕನೆಯದಾಗಿ, ಅಭಿಪ್ರಾಯ ಬರವಣಿಗೆಯಲ್ಲಿ ಇರಬೇಕು. ಯಾವ ಯಾವ ದಾಖಲೆ ನೋಡಿದರು, ಮೂಲಪ್ರತಿ ನೋಡಿದರೋ ಜೆರಾಕ್ಸ್ ನೋಡಿದರೋ, ಯಾವ ವರ್ಷದಿಂದ ಇಸಿ ತೆಗೆಸಿದರು, ಯಾರ ಯಾರ ಸಹಿ ಬೇಕು, ಏನು ಕೊರತೆ ಇದೆ ಎಂದು ಬರೆದು, ಸಹಿ ಹಾಕಿ, ಎನ್‌ರೋಲ್‌ಮೆಂಟ್ ನಂಬರ್ ಹಾಕಿ ಕೊಡಬೇಕು. "ನೋಡಿದೆ, ಓಕೆ ಇದೆ" ಎಂಬ ಫೋನ್ ಮಾತು ಅಭಿಪ್ರಾಯವಲ್ಲ. ಬರೆದು ಕೊಟ್ಟವರ ಮೇಲೆ, ದೊಡ್ಡ ನಿರ್ಲಕ್ಷ್ಯ ಅಥವಾ ಮೋಸ ಕಂಡರೆ, 1961ರ ಅಡ್ವೊಕೇಟ್ಸ್ ಕಾಯ್ದೆಯಡಿ ರಾಜ್ಯ ಬಾರ್ ಕೌನ್ಸಿಲಿಗೆ ದೂರು ಕೊಡಲು ದಾರಿ ಇದೆ.

ಐದನೆಯದಾಗಿ, ಫೀಸ್ ಮೊದಲೇ ಮಾತಾಡಿ ರಸೀದಿ ಪಡೆಯಬೇಕು. ವ್ಯವಹಾರ ಮುಗಿದರೆ ಮಾತ್ರ ಫೀಸ್ ಎಂಬ ಏರ್ಪಾಡು ಬೇಡ. ಆಗ ವಕೀಲನಿಗೂ ಬ್ರೋಕರ್‌ನ ಹಾಗೆ ಒಮ್ಮೆ ಮುಗಿದರೆ ಸಾಕು ಎನಿಸುತ್ತದೆ. "ಈ ಮನೆ ಬೇಡ" ಎಂದು ಹೇಳಿದ ವಕೀಲನಿಗೂ ಪೂರ್ತಿ ಫೀಸ್ ಸಲ್ಲಬೇಕು. ಅವನು ಉಳಿಸಿದ ಹಣ ಅದಕ್ಕಿಂತ ಎಷ್ಟೋ ಹೆಚ್ಚು.

ಆರನೆಯದಾಗಿ, ಕೆಲಸದ ಹೊತ್ತು. ವಕೀಲರ ಹತ್ತಿರ ಹೋಗಬೇಕಾದದ್ದು ಅಡ್ವಾನ್ಸ್ ಕೊಡುವ ಮೊದಲು. ಅಗ್ರಿಮೆಂಟ್ ಮಾಡಿ ಹಣ ಕೊಟ್ಟ ಮೇಲೆ ಹೋದರೆ ಅವರು ಮಾಡಬಹುದಾದದ್ದು ಸಮಾಧಾನ ಹೇಳುವುದು ಅಥವಾ ದಾವೆ ಹಾಕುವುದು.

ಗಲ್ಫಿನಲ್ಲಿರುವವರು, ಮಾರುವವರು

ವಿದೇಶದಲ್ಲಿ ಇರುವವರು ಊರಿನ ಒಬ್ಬರಿಗೆ ಪವರ್ ಆಫ್ ಅಟಾರ್ನಿ ಕೊಟ್ಟು ವ್ಯವಹಾರ ಮಾಡಿಸುವುದು ಸಾಮಾನ್ಯ. ಅದನ್ನು ಭಾರತೀಯ ರಾಯಭಾರ ಕಚೇರಿಯಂಥ ಅಧಿಕೃತ ಕಡೆ ದೃಢೀಕರಿಸಿ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಮಾಡಿಸಬೇಕು. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುತ್ತದೆ. ಬರೀ ಜಿಪಿಎ ಮತ್ತು ಅಗ್ರಿಮೆಂಟ್ ಮೇಲೆ ನಡೆದ 'ಮಾರಾಟ'ದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲೇ ಹೇಳಿದೆ. ಪವರ್ ಕೊಡುವಾಗ ಒಂದೇ ಆಸ್ತಿಗೆ, ಒಂದೇ ಕೆಲಸಕ್ಕೆ ಸೀಮಿತವಾಗಿ ಬರೆಸುವುದು ಕ್ಷೇಮ. ಮಾರುವವರು ಅನಿವಾಸಿಗಳಾಗಿದ್ದರೆ ಕೊಳ್ಳುವವರು ಹಿಡಿಯಬೇಕಾದ ತೆರಿಗೆಯ ಲೆಕ್ಕವೂ ಬೇರೆ; ಊರಿನವರಿಂದ 50 ಲಕ್ಷ ಅಥವಾ ಮೇಲ್ಪಟ್ಟ ಆಸ್ತಿ ಕೊಳ್ಳುವಾಗ ಹಿಡಿಯುವ ಶೇ. 1ರ ನಿಯಮ ಅಲ್ಲಿಗೆ ಅನ್ವಯಿಸದು.

ಮಾರುವವರಿಗೆ ವಕೀಲ ಯಾಕೆ ಎಂಬ ಪ್ರಶ್ನೆಯೂ ಇದೆ. ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಸುಲಭವಾಗಿ ಗೊತ್ತಾಗದ ದೋಷವನ್ನು ಹೇಳುವುದು ಮಾರುವವನ ಕರ್ತವ್ಯ. ಮುಚ್ಚಿಟ್ಟರೆ ಮಾರಿದ ಮೇಲೂ ಬೆನ್ನು ಬಿಡದು. ಅಗ್ರಿಮೆಂಟಿನಲ್ಲಿ ಉಳಿದ ಹಣ ಬರುವ ದಿನಾಂಕ, ತಪ್ಪಿದರೆ ಏನು ಎಂಬುದು ಸ್ಪಷ್ಟವಾಗಿ ಇರದಿದ್ದರೆ ಮನೆಯೂ ಮಾರಾಟವಾಗದೆ, ಬೇರೆಯವರಿಗೆ ಕೊಡಲೂ ಆಗದೆ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ನಗದು ವ್ಯವಹಾರ ಇಬ್ಬರಿಗೂ ಕುತ್ತು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯುವುದು 2015ರಿಂದಲೇ ನಿಷಿದ್ಧ. 2 ಲಕ್ಷ ಮತ್ತು ಮೇಲಿನ ನಗದು ಕೊಟ್ಟೆ ಎಂದು ದಾವೆಯಲ್ಲೋ ಪತ್ರದಲ್ಲೋ ಕಂಡುಬಂದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ವಕೀಲರ ಫೀಸ್ ಕೊಡಲಾಗದವರಿಗೆ ತಾಲೂಕು ಕಾನೂನು ಸೇವಾ ಸಮಿತಿಗಳಿವೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ತನ್ನ ಪಾಲಿನ ಮನೆ ಮಾರಾಟವಾಗುತ್ತಿದೆ ಎಂದು ತಿಳಿದ ತಂಗಿಯೊಬ್ಬಳು ಅಣ್ಣನ ಜೊತೆ ಜಗಳಕ್ಕಿಂತ ಮೊದಲು 15100ಕ್ಕೆ ಫೋನ್ ಮಾಡಬಹುದು.

ಜಮಾಅತ್ ಮಾಡಬಹುದಾದ ಕೆಲಸ

ವ್ಯವಹಾರವನ್ನು ಬರೆದಿಡಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಕ್ಷಿಗಳಿರಲಿ ಎಂಬ ಸೂಚನೆ ಕುರ್‌ಆನಿನ ಅಲ್-ಬಖರಾ ಅಧ್ಯಾಯದ 282ನೇ ಸೂಕ್ತದಲ್ಲಿದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಇರುವುದು ಇದೇ ವಿಷಯದ ಮೇಲೆ. ಆದರೂ "ನಮ್ಮವರ ಮಧ್ಯೆ ಕಾಗದ ಯಾಕೆ?" ಎಂಬ ಮಾತು ಮದುವೆ ಮನೆಯಿಂದ ಮಸೀದಿ ಅಂಗಳದವರೆಗೆ ಕೇಳಿಬರುತ್ತಲೇ ಇದೆ. ನಂಬಿಕೆ ಇಲ್ಲದ ಕಾರಣಕ್ಕೆ ಕಾಗದ ಮಾಡುವುದಲ್ಲ, ನಂಬಿಕೆ ಉಳಿಯಲೆಂದು ಕಾಗದ ಮಾಡುವುದು.

ರಕ್ತದಾನ ಶಿಬಿರ, ಸ್ಕಾಲರ್‌ಶಿಪ್ ಶಿಬಿರ ನಡೆಸುವ ಜಮಾಅತ್‌ಗಳು, ಯುವಕರ ಸಂಘಗಳು ವರ್ಷಕ್ಕೊಮ್ಮೆ ದಾಖಲೆ ಶಿಬಿರವನ್ನೂ ನಡೆಸಬಹುದು. ತೀರಿಹೋದವರ ಹೆಸರಿನಲ್ಲೇ ಇರುವ ಖಾತಾ, ಬರೆದಿಡದ ಹಿಬಾ, ಎಲ್ಲ ವಾರಸುದಾರರ ಹೆಸರಿಲ್ಲದ ವಂಶವೃಕ್ಷ, ಇವನ್ನು ಇಬ್ಬರು ವಕೀಲರು ಕೂತು ನೋಡಿದರೆ ಎಷ್ಟೋ ಮನೆಗಳ ಮುಂದಿನ ಜಗಳ ಅಲ್ಲೇ ನಿಲ್ಲುತ್ತದೆ. ಕಾನೂನು ಓದುತ್ತಿರುವ ಸಮುದಾಯದ ಯುವಕ ಯುವತಿಯರಿಗೂ ಇದು ಗೌರವದ ದುಡಿಮೆಯ ದಾರಿ. ದೊಡ್ಡ ಕೋರ್ಟಿನಲ್ಲಿ ವಾದ ಮಾಡುವ ವಕೀಲರಷ್ಟೇ, ತಾಲೂಕಿನಲ್ಲಿ ಕೂತು ಹಳೆಯ ಕಾಗದವನ್ನು ತಾಳ್ಮೆಯಿಂದ ಓದಬಲ್ಲ ವಕೀಲರೂ ಬೇಕಾಗಿದ್ದಾರೆ.

ಗಲ್ಫಿನಲ್ಲಿ ದುಡಿದೋ, ಊರೂರು ತಿರುಗಿ ವ್ಯಾಪಾರ ಮಾಡಿಯೋ ಕೂಡಿಟ್ಟ ಹಣ ಜೀವನದಲ್ಲಿ ಒಂದೇ ಸಲ ಮನೆಯಾಗುತ್ತದೆ. ಆ ಮನೆ ಪೆದ್ದಕಡುಬೂರಿನಲ್ಲಿ ಇರಲಿ, ಪುತ್ತೂರಿನಲ್ಲಿ ಇರಲಿ, ಅಡ್ವಾನ್ಸ್ ಕೈಬಿಡುವ ಮೊದಲು ಆ ಊರಿನ ಒಬ್ಬ ಒಳ್ಳೆಯ ವಕೀಲ ಅದರ ಕಾಗದ ಓದಿರಬೇಕು.